ಹಳೆಯ ಏರ್‌ಸ್ಟ್ರೀಮ್ ಟ್ರೇಲರ್: ಲಕ್ಷಣ ನೋಡಿ ದೋಷ ಪತ್ತೆಹಚ್ಚುವ ಕೈಪಿಡಿ

ಅಮೆರಿಕದಲ್ಲಿ 1960 ಮತ್ತು 1970ರ ದಶಕದ ಏರ್‌ಸ್ಟ್ರೀಮ್ ಟ್ರೇಲರುಗಳು, ಅಂದರೆ ವಾಹನದ ಹಿಂದೆ ಕಟ್ಟಿ ಎಳೆಯುವ ಅಲ್ಯೂಮಿನಿಯಂ ತಗಡಿನ ಸಂಚಾರಿ ಮನೆಗಳು, ಇಂದಿಗೂ ಮಾರಾಟಕ್ಕೆ ಸಿಗುತ್ತವೆ. ಕೊಳ್ಳಲು ಹೋದವರ ಕಣ್ಣು ಮೊದಲು ಹೋಗುವುದು ತಗಡಿನ ಹೊಳಪಿನ ಕಡೆಗೆ. ಆದರೆ ಗಾಡಿಯ ಆಯುಷ್ಯವನ್ನು ನಿರ್ಧರಿಸುವುದು ತಗಡಿನ ಚಿಪ್ಪು ನೆಲದ ಪ್ಲೈವುಡ್ಡನ್ನು ಸೇರುವ ಅಂಚು. ಅಲ್ಲಿಗೆ ನೀರು ಇಳಿದಿದೆಯೇ, ಇಳಿದಿದ್ದರೆ ಎಷ್ಟು ಕಾಲದಿಂದ ಎಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ಪಾಲಿಶ್, ಬಣ್ಣ, ಪೀಠೋಪಕರಣ ಯಾವುದಕ್ಕೂ ಒಂದು ಡಾಲರ್ ಕೂಡ ಖರ್ಚು ಮಾಡಬಾರದೆಂಬುದು ಈ ಲೇಖಕನ ಖಚಿತ ಅಭಿಪ್ರಾಯ.

ರಚನೆಯನ್ನು ತಿಳಿದುಕೊಂಡರೆ ಲಕ್ಷಣಗಳನ್ನು ಓದುವುದು ಸುಲಭವಾಗುತ್ತದೆ. ಕೆಳಗೆ ಉಕ್ಕಿನ ಚಾಸಿ, ಅದರ ಮೇಲೆ ಸುಮಾರು 16 ಮಿಲಿಮೀಟರ್ ದಪ್ಪದ ಪ್ಲೈವುಡ್, ಪ್ಲೈವುಡ್ಡಿನ ಅಂಚಿನುದ್ದಕ್ಕೂ ಅಲ್ಯೂಮಿನಿಯಂ ಚಾನೆಲ್, ಆ ಚಾನೆಲ್ಲಿನಿಂದ ಮೇಲೆದ್ದ ಪಕ್ಕೆಲುಬುಗಳು, ಅವುಗಳ ಹೊರಗೂ ಒಳಗೂ ರಿವೆಟ್ ಹೊಡೆದು ಕೂರಿಸಿದ ತಗಡು ಇರುತ್ತವೆ. ಹೊರಗಿನ ತಗಡಿನ ದಪ್ಪ ಸುಮಾರು 0.8 ಮಿಲಿಮೀಟರ್. ವಿಮಾನದ ಒಡಲಿನಂತೆ ಇಲ್ಲಿಯೂ ತಗಡು ಬರಿಯ ಹೊದಿಕೆಯಾಗಿರದೆ ಭಾರವನ್ನೂ ಹೊರುತ್ತದೆ. ಚಿಪ್ಪು ಮತ್ತು ಚಾಸಿ ಒಂದಕ್ಕೊಂದು ಬಿಗಿದುಕೊಂಡಿದ್ದಾಗ ಮಾತ್ರ ಎರಡಕ್ಕೂ ಬಲ. ವಿಮಾನ ತಯಾರಿಕೆಯಿಂದ ಈ ಕಸುಬಿಗೆ ಬಂದ ಟಲ್ಸಾ ನಗರದ ಸ್ಪಾರ್ಟನ್ ಕಂಪನಿಯ ಟ್ರೇಲರುಗಳಲ್ಲಿ, ಮಿಶಿಗನ್ ರಾಜ್ಯದ ಏವಿಯಾನ್ ಮೊದಲಾದವುಗಳಲ್ಲಿ ವಿವರಗಳು ಬೇರೆಯಾದರೂ ಇಲ್ಲಿ ಹೇಳಿರುವ ಪರೀಕ್ಷೆಗಳಲ್ಲಿ ಹೆಚ್ಚಿನವು ಅನ್ವಯಿಸುತ್ತವೆ.

ಪರೀಕ್ಷೆಗೆ ಬೇಕಾದದ್ದು ಟಾರ್ಚ್, ದಬ್ಬಳ, ಮಲ್ಟಿಮೀಟರ್, ಸೋಪಿನ ನೀರು, ನೀರಿನ ಪೈಪು, ಚಕ್ರಕ್ಕೆ ಕೊಡುವ ಅಡೆಗಲ್ಲುಗಳು ಮತ್ತು ಒಂದು ಒಳ್ಳೆಯ ಮುಖಗವಸು. ಆರಂಭಿಸುವ ಮೊದಲು ಹೊರಗಿನ ವಿದ್ಯುತ್ ಕೇಬಲ್ ಕಳಚಿ, ಬ್ಯಾಟರಿಯ ತಂತಿ ಬಿಚ್ಚಿ, ಗ್ಯಾಸ್ ಸಿಲಿಂಡರುಗಳ ಕವಾಟ ಮುಚ್ಚಬೇಕು. ಆ ಕಾಲದ ನೆಲಹಾಸಿನ ಟೈಲುಗಳಲ್ಲಿ ಮತ್ತು ಹೀಟರಿನ ಸುತ್ತಲಿನ ಹಾಳೆಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಪ್ರಯೋಗಾಲಯಕ್ಕೆ ಮಾದರಿ ಕಳುಹಿಸಿ ಖಚಿತಪಡಿಸಿಕೊಳ್ಳುವವರೆಗೆ ಅವುಗಳನ್ನು ಉಜ್ಜುವುದಾಗಲಿ ಒಡೆಯುವುದಾಗಲಿ ಕೂಡದು.

ಲಕ್ಷಣ: ಒಳಗೆ ಮುಗ್ಗಲು ವಾಸನೆ, ನೆಲ ಕಾಲಿಗೆ ಮೆತ್ತಗೆ ಸಿಗುವುದು

ಖರ್ಚಿಲ್ಲದ ಪರೀಕ್ಷೆಯೇ ಇಲ್ಲಿ ಎಲ್ಲಕ್ಕಿಂತ ಹೆಚ್ಚು ಹೇಳುತ್ತದೆ. ಬರಿಗಾಲಿನಲ್ಲಿ ಗೋಡೆಯಂಚಿನುದ್ದಕ್ಕೂ ನಿಧಾನವಾಗಿ ನಡೆಯಬೇಕು. ಬಾಗಿಲ ಹೊಸ್ತಿಲಿನ ಬಳಿ, ಹಿಂದಿನ ಎರಡು ಮೂಲೆಗಳಲ್ಲಿ, ಮುಂದಿನ ಕಿಟಕಿಯ ಕೆಳಗೆ, ಫ್ರಿಜ್ಜಿನ ಮತ್ತು ಶೌಚಾಲಯದ ಸುತ್ತ ನೆಲ ತಗ್ಗಿದಂತೆ ಅಥವಾ ಪುಟಿದಂತೆ ಅನಿಸಿದರೆ ಅಲ್ಲಿ ದಬ್ಬಳವನ್ನು ಒತ್ತಿ ನೋಡಬೇಕು. ಗಟ್ಟಿ ಪ್ಲೈವುಡ್ಡಿನಲ್ಲಿ ಅದರ ಮೊನೆ ಮಾತ್ರ ನಾಟುತ್ತದೆ. ಕೈಯ ಬಲಕ್ಕೇ ಅರ್ಧ ಇಂಚು ಒಳಗೆ ಹೋದರೆ ಪದರಗಳು ಕೊಳೆತಿವೆ ಎಂದರ್ಥ. ಮರ ಕಪ್ಪಾಗಿದ್ದರೂ ಗಟ್ಟಿಯಾಗಿದ್ದರೆ ಅದು ಹಳೆಯ ಸೋರಿಕೆಯ ಕಲೆ. ಒಣಗಿಸಿ ಕಾಯ್ದು ನೋಡಬಹುದು.

ಕಾರ್ಪೆಟ್ಟಾಗಲಿ ಹೊಸ ವಿನೈಲ್ ಹಾಸಾಗಲಿ ಇದ್ದರೆ ಮೂಲೆಗಳಲ್ಲಿ ಎತ್ತಿ ನೋಡದೆ ತೀರ್ಮಾನಕ್ಕೆ ಬರಬಾರದು. ಮಾರಾಟಕ್ಕೆ ಮುನ್ನ ಹಾಸಿದ ಹೊಸ ನೆಲಹಾಸನ್ನು ಅನುಮಾನದಿಂದಲೇ ನೋಡುವುದು ಒಳಿತು.

ಕೊಳೆತ ಭಾಗ ನೆಲದ ನಡುವೆ ಇದ್ದು ಅಂಗೈಯಗಲಕ್ಕೆ ಮೀರದಿದ್ದರೆ, ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟುದ್ರವ ಕುಡಿಸಿ ಗಟ್ಟಿಗೊಳಿಸಬಹುದು ಅಥವಾ ಅಷ್ಟನ್ನೇ ಕತ್ತರಿಸಿ ತೇಪೆ ಹಾಕಬಹುದು. ಅಂಚಿನ ಚಾನೆಲ್ಲಿನ ಕೆಳಗೇ ಕೊಳೆತಿದ್ದರೆ ಪ್ರಶ್ನೆ ಬೇರೆಯದು. ಚಿಪ್ಪನ್ನು ಚಾಸಿಗೆ ಬಿಗಿದ ಬೋಲ್ಟುಗಳು ಆ ಮರದ ಮೂಲಕವೇ ಹಾದುಹೋಗುತ್ತವೆ. ಮರ ಹೋದರೆ ಬೋಲ್ಟಿಗೆ ಹಿಡಿತವಿಲ್ಲ. ಅಲ್ಲಿ ಎಪಾಕ್ಸಿ ಸುರಿಯುವುದು ಹುಣ್ಣಿನ ಮೇಲೆ ಪಟ್ಟಿ ಕಟ್ಟಿ ಮೂಳೆ ಮುರಿತವನ್ನು ಮರೆಸಿದಂತೆ. ಒಳಗಿನ ತಗಡಿನ ಕೆಳಭಾಗ ಬಿಚ್ಚಿ, ಆ ಪ್ಲೈವುಡ್ ಹಾಳೆಯನ್ನು ಬದಲಿಸಿ, ಹೊಸ ಬೋಲ್ಟುಗಳಿಂದ ಬಿಗಿಯಬೇಕು. ಹೊಸ ಮರದ ಅಂಚುಗಳಿಗೆ ಎಪಾಕ್ಸಿ ಬಳಿದು ಒಣಗಿಸಿಯೇ ಕೂರಿಸಬೇಕು, ಏಕೆಂದರೆ ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದ.

ಸುತ್ತಲೂ ಅಂಚು ಕೊಳೆತಿದ್ದರೆ ಚಿಪ್ಪನ್ನೇ ಎತ್ತಿ ಇಳಿಸುವ ಕೆಲಸ ಎದುರಾಗುತ್ತದೆ. ಎತ್ತುವ ಮೊದಲು ಒಳಗೆ ಅಡ್ಡಪಟ್ಟಿಗಳನ್ನು ಕೊಟ್ಟು ಬಿಗಿಮಾಡದಿದ್ದರೆ ಚಿಪ್ಪು ತನ್ನ ಆಕಾರ ಕಳೆದುಕೊಳ್ಳುತ್ತದೆ. ಈ ಹಂತಕ್ಕೆ ಬಂದವರು ಅನುಭವಿ ವರ್ಕ್‌ಶಾಪಿನಿಂದ ಲಿಖಿತ ಅಂದಾಜು ಪಡೆದು, ಅದಾದ ಮೇಲೆಯೇ ಗಾಡಿಯನ್ನು ಉಳಿಸಿಕೊಳ್ಳುವ ಅಥವಾ ಬಿಡುವ ಬಗ್ಗೆ ಯೋಚಿಸಬೇಕು.

ಚಾಸಿಯ ಕೆಳಭಾಗವನ್ನು ಮುಚ್ಚುವ ಹೊಟ್ಟೆತಗಡನ್ನು ಕಳಚುವಾಗ ಒಂದು ಎಚ್ಚರಿಕೆ. ಅದರ ಮೇಲೆ ಒದ್ದೆಯಾದ ಗಾಜಿನೆಳೆಯ ಉಣ್ಣೆಯೂ ಇಲಿಗಳ ಗೂಡೂ ಸಿಗುವುದು ಸಾಮಾನ್ಯ. ಅಮೆರಿಕದ ಡೀರ್ ಮೌಸ್ ಎಂಬ ಇಲಿಯ ಹಿಕ್ಕೆ ಮತ್ತು ಮೂತ್ರದ ಧೂಳಿನಿಂದ ಹಂಟಾ ವೈರಸ್ ಹರಡಬಲ್ಲದು. ಅದರ ಶ್ವಾಸಕೋಶದ ಕಾಯಿಲೆ ಮಾರಣಾಂತಿಕ. ಒಣ ಕಸವನ್ನು ಗುಡಿಸಬಾರದು, ವ್ಯಾಕ್ಯೂಮ್ ಮಾಡಬಾರದು. ಬ್ಲೀಚ್ ಬೆರೆಸಿದ ನೀರನ್ನು ಸಿಂಪಡಿಸಿ ಚೆನ್ನಾಗಿ ನೆನೆಯಲು ಬಿಟ್ಟು, ಕೈಗವಸು ಹಾಕಿಕೊಂಡು ಒರೆಸಿ ತೆಗೆಯಬೇಕು.

ಲಕ್ಷಣ: ಮಳೆ ಬಂದಾಗ ಒಳಗೆ ಹನಿಯುವುದು

ಹನಿ ಬಿದ್ದ ಜಾಗದ ನೇರ ಮೇಲೆಯೇ ತೂತು ಇರುತ್ತದೆಂದು ಭಾವಿಸಬಾರದು. ಎರಡು ತಗಡುಗಳ ನಡುವೆ ಇಳಿದ ನೀರು ಪಕ್ಕೆಲುಬಿನ ಜಾಡು ಹಿಡಿದು ಹಲವು ಅಡಿ ದೂರದಲ್ಲಿ ಹೊರಬರುತ್ತದೆ. ಎಷ್ಟೋ ಸಲ ಒಳಗೆ ಕಾಣಿಸಿಕೊಳ್ಳದೆ ನೇರವಾಗಿ ನೆಲದಂಚಿಗೆ ಹೋಗಿಬಿಡುತ್ತದೆ.

ಮೊದಲು ಕಣ್ಣಿನಿಂದಲೇ ಹುಡುಕಬೇಕು. ಛಾವಣಿಯ ಗಾಳಿಕಿಂಡಿಗಳು, ಚರಂಡಿಯ ಗಾಳಿಕೊಳವೆಯ ಮುಚ್ಚಳ, ಆಂಟೆನಾದ ಬುಡ, ಮೇಲಂಚಿನ ಸಣ್ಣ ದೀಪಗಳು, ಮುಂದಿನ ಮತ್ತು ಹಿಂದಿನ ದುಂಡು ಭಾಗದ ತಗಡುಗಳು ಕೂಡುವ ಜೋಡಣೆಗಳು ಮುಖ್ಯ ಶಂಕಿತರು. ಇವುಗಳ ಸಂದು ಮುಚ್ಚುವ ಸೀಲಂಟ್ ಬಿರುಕು ಬಿಟ್ಟಿದ್ದರೆ ಅಥವಾ ಉಗುರಿಗೆ ಎದ್ದು ಬಂದರೆ ಅದರ ಆಯುಷ್ಯ ಮುಗಿದಿದೆ. ಹಿಂಬದಿಯಲ್ಲಿ ಚಿಪ್ಪಿನ ಕೆಳಂಚು ಬಂಪರಿನ ತಗಡನ್ನು ಸೇರುವ ಗೆರೆಯನ್ನು ಹೆಚ್ಚಿನವರು ನೋಡುವುದೇ ಇಲ್ಲ. ಹಿಂದಿನ ಗೋಡೆಯಿಂದ ಹರಿದ ನೀರೆಲ್ಲ ಅಲ್ಲಿ ನಿಂತು ಪ್ಲೈವುಡ್ಡಿನ ಅಂಚಿಗೆ ಹೀರಿಕೊಳ್ಳುತ್ತದೆ.

ಕಣ್ಣಿಗೆ ಸಿಗದಿದ್ದರೆ ಪೈಪಿನ ಪರೀಕ್ಷೆ ಮಾಡಬೇಕು. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತಿರಲಿ, ಇನ್ನೊಬ್ಬರು ಹೊರಗಿನಿಂದ ನೀರು ಬಿಡಲಿ. ಕೆಳಗಿನಿಂದ ಆರಂಭಿಸಿ ಒಂದೊಂದೇ ಸಾಲು ಮೇಲೇರಬೇಕು, ಪ್ರತಿ ಸಾಲಿಗೂ ಹತ್ತು ನಿಮಿಷ ಕೊಡಬೇಕು. ಮೇಲಿನಿಂದ ಆರಂಭಿಸಿದರೆ ಎಲ್ಲವೂ ಒದ್ದೆಯಾಗಿ ಯಾವುದು ಸೋರಿತೆಂದು ತಿಳಿಯುವುದಿಲ್ಲ. ಒತ್ತಡದ ನೀರಿನ ಯಂತ್ರ ಬೇಡ. ಅದು ಸೋರದ ಜೋಡಣೆಯನ್ನೂ ಸೋರಿಸುತ್ತದೆ.

ಇನ್ನೂ ಸೂಕ್ಷ್ಮವಾದ ಪರೀಕ್ಷೆಯೊಂದಿದೆ. ಕಿಟಕಿಯೊಂದಕ್ಕೆ ಫ್ಯಾನ್ ಕೂರಿಸಿ ಒಳಗೆ ಗಾಳಿ ತುಂಬಿ, ಉಳಿದೆಲ್ಲವನ್ನೂ ಮುಚ್ಚಿ, ಹೊರಗಿನ ಜೋಡಣೆಗಳಿಗೆ ಸೋಪಿನ ನೀರು ಸಿಂಪಡಿಸಿದರೆ ತೂತಿರುವಲ್ಲಿ ಗುಳ್ಳೆ ಏಳುತ್ತದೆ. 1969ರಲ್ಲಿ ಅಪೊಲೊ 11ರ ಗಗನಯಾತ್ರಿಗಳು ಚಂದ್ರನಿಂದ ಮರಳಿದಾಗ ನಾಸಾ ಅವರನ್ನು ಪ್ರತ್ಯೇಕವಾಗಿ ಇರಿಸಿದ್ದು ಮಾರ್ಪಡಿಸಿದ ಏರ್‌ಸ್ಟ್ರೀಮ್ ಟ್ರೇಲರೊಂದರಲ್ಲಿ. ಅಲ್ಲಿ ಒಳಗಿನ ಗಾಳಿಯ ಒತ್ತಡವನ್ನು ಹೊರಗಿಗಿಂತ ಕಡಿಮೆ ಇಟ್ಟಿದ್ದರು, ನಾವಿಲ್ಲಿ ಹೆಚ್ಚಿಸುತ್ತೇವೆ. ಚಿಪ್ಪು ಬಿಗಿಯಾಗಿರಬೇಕೆಂಬ ಅಗತ್ಯ ಮಾತ್ರ ಎರಡಕ್ಕೂ ಒಂದೇ.

ಸೋರುವ ಜಾಗ ಸಿಕ್ಕಿದ ಮೇಲೆ ಹಳೆಯ ಸೀಲಂಟನ್ನು ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ಪೂರ್ತಿ ತೆಗೆದು, ಸ್ಪಿರಿಟ್ಟಿನಿಂದ ಒರೆಸಿ, ಪಾಲಿಯುರೆಥೇನ್ ಸೀಲಂಟ್ ಕೊಡಬೇಕು. ಸಿಲಿಕೋನನ್ನು ಬಳಸಬಾರದು. ಅದು ಅಲ್ಯೂಮಿನಿಯಮ್ಮಿನ ಮೇಲೆ ಬಹುಕಾಲ ನಿಲ್ಲುವುದಿಲ್ಲ, ಎದ್ದುಹೋದ ಮೇಲೂ ಉಳಿಯುವ ಅದರ ಜಿಡ್ಡಿನ ಮೇಲೆ ಬೇರೆ ಯಾವ ಸೀಲಂಟೂ ಹಿಡಿಯುವುದಿಲ್ಲ. 1966ರಿಂದ 1968ರವರೆಗಿನ ಮಾದರಿಗಳಲ್ಲಿ ಕಾರ್ನಿಂಗ್ ಕಂಪನಿಯ ತೆಳುವಾದ ಬಾಗುಗಾಜಿನ ಕಿಟಕಿಗಳಿವೆ. ಅಂಥ ಗಾಜು ಮತ್ತೆ ಸಿಗುವುದು ಬಹಳ ಕಷ್ಟವಾದ್ದರಿಂದ ಅಂಟಿಕೊಂಡ ಕಿಟಕಿಯನ್ನು ಬಲವಂತದಿಂದ ಮೀಟಿ ತೆರೆಯಬಾರದು.

ಲಕ್ಷಣ: ಹಿಂದಿನ ಬಂಪರ್ ಅಲುಗಿದರೂ ಚಿಪ್ಪು ಅಲುಗದಿರುವುದು

ಹಿಂಬದಿ ಕಳಚಿಕೊಳ್ಳುವ ಈ ದೋಷ ಈ ಕಾಲದ ಉದ್ದನೆಯ ಮಾದರಿಗಳಲ್ಲಿ, ಅದರಲ್ಲೂ ಸ್ನಾನದ ಮನೆ ಹಿಂದಿರುವವುಗಳಲ್ಲಿ ಹೆಸರುವಾಸಿ. ಪರೀಕ್ಷೆ ತೀರಾ ಸರಳ. ಟ್ರೇಲರನ್ನು ಎಳೆಯುವ ವಾಹನಕ್ಕೆ ಜೋಡಿಸಿದ ಸ್ಥಿತಿಯಲ್ಲೇ ಇಟ್ಟು, ಚಕ್ರಗಳಿಗೆ ಅಡೆ ಕೊಟ್ಟು, ಒಬ್ಬರು ಬಂಪರಿನ ಮೇಲೆ ನಿಂತು ಮೆಲ್ಲಗೆ ಕುಪ್ಪಳಿಸಬೇಕು. ಇನ್ನೊಬ್ಬರು ಬಂಪರ್ ಮತ್ತು ಚಿಪ್ಪಿನ ನಡುವಿನ ಗೆರೆಯನ್ನು ನೋಡುತ್ತಿರಬೇಕು. ಎರಡೂ ಒಟ್ಟಿಗೆ ಏರಿಳಿದರೆ ಚಿಂತೆಯಿಲ್ಲ. ಬಂಪರ್ ಕೆಳಗಿಳಿದು ಚಿಪ್ಪು ನಿಂತಲ್ಲೇ ನಿಂತು ನಡುವೆ ಸಂದು ತೆರೆದುಕೊಂಡರೆ, ಹಿಂದಿನ ಪ್ಲೈವುಡ್ ಕೊಳೆತಿರಬೇಕು, ಇಲ್ಲವೇ ಬೋಲ್ಟುಗಳು ತುಕ್ಕು ಹಿಡಿದು ತುಂಡಾಗಿರಬೇಕು, ಅಥವಾ ಚಾಸಿಯ ತುದಿಯೇ ಬಾಗಿರಬೇಕು.

ಮುಂದಿನ ಹೆಜ್ಜೆಯಲ್ಲಿ ಹಿಂದಿನ ಹೊಟ್ಟೆತಗಡನ್ನು ಮಾತ್ರ ಬಿಚ್ಚಿ ಚಾಸಿಯನ್ನು ನೋಡಬೇಕು. ಮೇಲ್ಮೈಯ ತುಕ್ಕು ತಂತಿಬ್ರಷ್ಷಿಗೆ ಹೋಗುತ್ತದೆ. ಸುತ್ತಿಗೆಯಿಂದ ತಟ್ಟಿದಾಗ ಪದರ ಪದರವಾಗಿ ಉದುರಿದರೆ ಅಥವಾ ದಬ್ಬಳ ತೂರಿದರೆ ಆ ಉಕ್ಕನ್ನು ಕತ್ತರಿಸಿ ಬದಲಿಸಬೇಕು. ಅಲ್ಯೂಮಿನಿಯಂ ಮತ್ತು ಉಕ್ಕು ಒದ್ದೆಯಲ್ಲಿ ನೇರವಾಗಿ ತಾಗಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ಮತ್ತೆ ಜೋಡಿಸುವಾಗ ನಡುವೆ ತಡೆಪಟ್ಟಿ ಕೊಡುವುದನ್ನು ಮರೆಯಬಾರದು.

ಹಿಂಬದಿ ಕಳಚಿದೆಯೆಂದು ಖಚಿತವಾದ ಗಾಡಿಯನ್ನು ರಸ್ತೆಗೆ ಇಳಿಸಬಾರದು. ಚಾಸಿಗೆ ಬೆಸುಗೆ ಹಾಕುವುದು ಪ್ರಮಾಣಪತ್ರವಿರುವ ವೆಲ್ಡರನ ಕೆಲಸ. ಸತುಲೇಪಿತ ಉಕ್ಕಿಗೆ ಬೆಸುಗೆ ಹಾಕಿದಾಗ ಏಳುವ ಹೊಗೆ ವಿಷಕಾರಿ, ಪಕ್ಕದಲ್ಲೇ ಇರುವ ಒಣ ಪ್ಲೈವುಡ್ಡಿಗೆ ಬೆಂಕಿಯ ಭಯವೂ ಇದೆ.

ಲಕ್ಷಣ: ರಿವೆಟ್ಟಿನ ಸುತ್ತ ಕಪ್ಪು ಗೆರೆ, ಪ್ರತಿ ಪ್ರಯಾಣದ ನಂತರ ಸಡಿಲವಾದ ರಿವೆಟ್ಟುಗಳು

ರಿವೆಟ್ ಸಡಿಲವಾಗಿ ತಗಡಿನೊಳಗೆ ಆಡತೊಡಗಿದಾಗ ಉಜ್ಜಿ ಬರುವ ಪುಡಿಯೇ ಈ ಕಪ್ಪು ಗೆರೆ. ಒಂದೆರಡು ಸಿಕ್ಕಿದರೆ ಅವನ್ನೇ ಬದಲಿಸಿದರೆ ಸಾಕು. ಒಳತಗಡು ಬಿಚ್ಚಿದ್ದರೆ ಹಿಂದಿನಿಂದ ಕಬ್ಬಿಣದ ಗಟ್ಟಿ ಹಿಡಿದು ಮೂಲದಂತೆಯೇ ಘನ ರಿವೆಟ್ ಹೊಡೆಯಬಹುದು. ಬಿಚ್ಚದಿದ್ದರೆ ಹೊರಗಿನಿಂದಲೇ ಕೂರಿಸಿ ತಲೆ ಕೆರೆದು ಸಮಮಾಡುವ ಒಲಿಂಪಿಕ್ ರಿವೆಟ್ಟುಗಳಿವೆ. ಅಂಗಡಿಯಲ್ಲಿ ಸಿಗುವ ಉಕ್ಕಿನ ಕಡ್ಡಿಯ ಸಾಮಾನ್ಯ ಪಾಪ್ ರಿವೆಟ್ ಸೋರುತ್ತದೆ, ತುಕ್ಕು ಹಿಡಿಯುತ್ತದೆ.

ಸಾಲು ಸಾಲಾಗಿ ಸಡಿಲವಾಗುತ್ತಿದ್ದರೆ, ಬಾಗಿಲಿನ ಮೂಲೆಯಲ್ಲಿ ತಗಡು ಸೀಳಿದ್ದರೆ, ಒಳಗಿನ ಕಪಾಟುಗಳ ಸ್ಕ್ರೂಗಳು ತಾವಾಗಿ ಬಿಚ್ಚಿಕೊಳ್ಳುತ್ತಿದ್ದರೆ ದೋಷ ಬಹುಪಾಲು ಆಕ್ಸಲ್ಲಿನಲ್ಲಿರುತ್ತದೆ. 1960ರ ದಶಕದ ಆರಂಭದಿಂದ ಏರ್‌ಸ್ಟ್ರೀಮ್ ಬಳಸಿದ ಆಕ್ಸಲ್ಲಿನಲ್ಲಿ ಸ್ಪ್ರಿಂಗ್ ಪಟ್ಟಿಗಳಿಲ್ಲ. ಕೊಳವೆಯೊಳಗಿನ ರಬ್ಬರ್ ಕಡ್ಡಿಗಳು ತಿರುಚಿಕೊಂಡು ಕುಲುಕಾಟವನ್ನು ನುಂಗುತ್ತವೆ. ಹೊಸದರಲ್ಲಿ ಚಕ್ರದ ತೋಳು ಕೆಳಮುಖವಾಗಿ ಸುಮಾರು 22 ಡಿಗ್ರಿ ಇಳಿದಿರುತ್ತದೆ. ರಬ್ಬರ್ ಹಳೆಯದಾಗಿ ಗಟ್ಟಿಯಾದಂತೆ ತೋಳು ನೆಲಕ್ಕೆ ಸಮಾನಾಂತರವಾಗುತ್ತದೆ, ಕೊನೆಗೆ ಮೇಲ್ಮುಖವಾಗುತ್ತದೆ. ಗಾಡಿ ಸಮತಟ್ಟಾದ ನೆಲದ ಮೇಲೆ ನಿಂತಿದ್ದಾಗ ಚಕ್ರದ ಹಿಂದೆ ಬಗ್ಗಿ ತೋಳಿನ ಕೋನ ನೋಡಿದರೆ ಸಾಕು, ಉತ್ತರ ಸಿಗುತ್ತದೆ. ಅನುಮಾನ ಉಳಿದರೆ ಒಂದು ಬದಿಯನ್ನು ಎತ್ತಿ ಚಕ್ರ ಎಷ್ಟು ಇಳಿಯುತ್ತದೆಂದು ನೋಡಬೇಕು; ಬಹುತೇಕ ಇಳಿಯದಿದ್ದರೆ ರಬ್ಬರ್ ಸತ್ತಿದೆ. ಜ್ಯಾಕನ್ನು ಚಾಸಿಯ ಗಟ್ಟಿ ತೊಲೆಗೆ ಕೊಡಬೇಕು, ಆಕ್ಸಲ್ ಕೊಳವೆಗೆ ಕೊಡಬಾರದು. ಸ್ಟ್ಯಾಂಡಿನ ಆಧಾರವಿಲ್ಲದೆ ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಇಡಬಾರದು.

ಸತ್ತ ರಬ್ಬರನ್ನು ದುರಸ್ತಿ ಮಾಡಲಾಗದು, ಆಕ್ಸಲ್ಲನ್ನೇ ಬದಲಿಸಬೇಕು. ಖರ್ಚು ದೊಡ್ಡದೆಂದು ಮುಂದೂಡಿದರೆ ರಸ್ತೆಯ ಪ್ರತಿ ಗುಂಡಿಯ ಹೊಡೆತವೂ ನೇರ ಚಿಪ್ಪಿಗೆ ಹೋಗಿ, ಹೊಸದಾಗಿ ಹೊಡೆದ ರಿವೆಟ್ಟುಗಳೂ ಸಡಿಲವಾಗುತ್ತವೆ.

ಲಕ್ಷಣ: ಬಾಗಿಲ ಹಿಡಿ ಮುಟ್ಟಿದರೆ ಕೈ ಜುಮ್ಮೆನ್ನುವುದು

ಇದು ಈ ಕೈಪಿಡಿಯಲ್ಲೇ ಅತ್ಯಂತ ಅಪಾಯಕಾರಿಯಾದ ಲಕ್ಷಣ. ಭಾರತದ 230 ವೋಲ್ಟಿಗೆ ಒಗ್ಗಿದವರು ಅಮೆರಿಕದ 120 ವೋಲ್ಟನ್ನು ಹಗುರವಾಗಿ ಕಾಣುವುದುಂಟು. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಇಡೀ ಲೋಹದ ಗೋಡೆಯನ್ನು ಮುಟ್ಟಿದವರಿಗೆ 120 ವೋಲ್ಟೂ ಪ್ರಾಣಾಂತಿಕ. ಒಮ್ಮೆ ಜುಮ್ಮೆಂದರೂ ಯಾರನ್ನೂ ಗಾಡಿಯ ಹತ್ತಿರ ಬಿಡದೆ, ಕೇಬಲ್ ಸಿಕ್ಕಿಸಿದ ಹೊರಗಿನ ಕಂಬದಲ್ಲಿನ ಬ್ರೇಕರ್ ಆರಿಸಿ, ಆಮೇಲೆ ಕೇಬಲ್ ಕೀಳಬೇಕು.

ಗಾಡಿಯ ಲೋಹಕ್ಕೆ ಕರೆಂಟ್ ಬರಬೇಕಾದರೆ ಅರ್ಥಿಂಗ್ ತಂತಿ ಎಲ್ಲೋ ಕಡಿದಿರಬೇಕು, ಜೊತೆಗೆ ಇನ್ನೊಂದು ತಪ್ಪೂ ಸೇರಿರಬೇಕು. ಮೊದಲು ಹೊರಗಿನ ಸಾಕೆಟ್ಟನ್ನು ಕೆಲವೇ ಡಾಲರಿನ ಮೂರು ದೀಪದ ಪರೀಕ್ಷಕದಿಂದ ನೋಡಬೇಕು. ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿದ್ದರೆ, ಅರ್ಥ್ ಇಲ್ಲದಿದ್ದರೆ ಅಲ್ಲೇ ತಿಳಿಯುತ್ತದೆ. ಆಮೇಲೆ ಕೇಬಲ್ ಕಳಚಿದ ಸ್ಥಿತಿಯಲ್ಲೇ ಮಲ್ಟಿಮೀಟರಿನಿಂದ ಗಾಡಿಯ ಪ್ಲಗ್ಗಿನ ಅರ್ಥ್ ಪಿನ್ನಿಗೂ ಬಾಗಿಲ ಚೌಕಟ್ಟಿನ ಬರಿ ಲೋಹಕ್ಕೂ ನಡುವಿನ ರೋಧವನ್ನು ಅಳೆಯಬೇಕು. ಅದು ಸೊನ್ನೆಯ ಹತ್ತಿರ ಇರಬೇಕು. ಅರ್ಥ್ ಮತ್ತು ನ್ಯೂಟ್ರಲ್ ಪಿನ್ನುಗಳ ನಡುವೆ ಸಂಪರ್ಕ ಇರಕೂಡದು. ಇದ್ದರೆ ಒಳಗಿನ ಫಲಕದಲ್ಲಿ ಯಾರೋ ಎರಡನ್ನೂ ಕಟ್ಟಿದ್ದಾರೆ, ಅಥವಾ ಉಪಕರಣವೊಂದು ಕೆಟ್ಟಿದೆ. ಮನೆಯ ಮುಖ್ಯ ಫಲಕದಲ್ಲಿ ಅವೆರಡನ್ನೂ ಸೇರಿಸುವುದು ಸರಿ. ಟ್ರೇಲರಿನೊಳಗೆ ಬೇರೆಬೇರೆ ಇರಲೇಬೇಕು. ನೀರು ಕಾಯಿಸುವ ವಿದ್ಯುತ್ ಕಾಯಿಲನ್ನೂ 12 ವೋಲ್ಟಿಗೆ ಇಳಿಸುವ ಹಳೆಯ ಕನ್ವರ್ಟರನ್ನೂ ಒಂದೊಂದಾಗಿ ಬಿಡಿಸಿ ಮತ್ತೆ ಅಳೆದರೆ ಅಪರಾಧಿ ಸಿಗುತ್ತದೆ.

1970ರ ದಶಕದ ಕೆಲವು ಗಾಡಿಗಳಲ್ಲಿ 120 ವೋಲ್ಟಿನ ತಂತಿಗಳೂ ಅಲ್ಯೂಮಿನಿಯಮ್ಮಿನವು. ಸಾಕೆಟ್ ಬಿಸಿಯಾಗುವುದು, ಕಂದುಬಣ್ಣಕ್ಕೆ ತಿರುಗುವುದು, ಸುಟ್ಟ ವಾಸನೆ ಬರುವುದು ಕಂಡರೆ ಬಳಕೆ ನಿಲ್ಲಿಸಿ ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನನನ್ನು ಕರೆಸಬೇಕು.

ದೀಪಗಳು ಮಂಕಾಗುವುದು ಇದಕ್ಕಿಂತ ಸಣ್ಣ ತೊಂದರೆ. ಬ್ಯಾಟರಿಯ ವೋಲ್ಟೇಜ್, ಫ್ಯೂಸಿನ ತುಕ್ಕು, ಚಾಸಿಗೆ ಕಟ್ಟಿದ ಅರ್ಥ್ ತಂತಿ ಈ ಕ್ರಮದಲ್ಲಿ ನೋಡಿದರೆ ಬಹುತೇಕ ಅಲ್ಲಿಗೇ ಮುಗಿಯುತ್ತದೆ.

ಲಕ್ಷಣ: ಗ್ಯಾಸ್ ವಾಸನೆ, ತಂಪಾಗದ ಫ್ರಿಜ್

ಪ್ರೊಪೇನ್ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ವಾಸನೆ ಬಂದರೆ ಸ್ವಿಚ್ ಒತ್ತದೆ ಎಲ್ಲರೂ ಹೊರಬಂದು, ಸಿಲಿಂಡರ್ ಮುಚ್ಚಿ, ಬಾಗಿಲು ತೆರೆದಿಡಬೇಕು. ಹೊರಗಿನ ಜೋಡಣೆಗಳಿಗೆ ಸೋಪಿನ ನೀರು ಹಾಕಿ ನೋಡುವುದಷ್ಟೇ ಮಾಲೀಕರು ಮಾಡಬಹುದಾದ ಪರೀಕ್ಷೆ. ಹಳೆಯ ರೆಗ್ಯುಲೇಟರನ್ನು ಪರೀಕ್ಷಿಸುತ್ತ ಕೂರದೆ ಬದಲಿಸುವುದೇ ಲೇಸು. ಕೊಳವೆಗಳ ಒತ್ತಡ ಪರೀಕ್ಷೆಯನ್ನು ಗ್ಯಾಸ್ ತಂತ್ರಜ್ಞರಿಗೆ ಬಿಡಬೇಕು.

ಫ್ರಿಜ್ ತಂಪಾಗದಿದ್ದರೆ ಮೊದಲು ಗಾಡಿ ಸಮತಟ್ಟಾಗಿ ನಿಂತಿದೆಯೇ ಎಂದು ನೋಡಬೇಕು. ಕಂಪ್ರೆಸರ್ ಇಲ್ಲದೆ ಗ್ಯಾಸ್ ಜ್ವಾಲೆಯ ಬಿಸಿಯಿಂದ ನಡೆಯುವ ಈ ಫ್ರಿಜ್ ಓರೆಯಾಗಿದ್ದರೆ ಕೆಲಸ ಮಾಡದು. ಹಿಂಭಾಗದಲ್ಲಿ ಹಳದಿ ಪುಡಿ ಕಂಡರೆ ಅಥವಾ ಅಮೋನಿಯಾದ ಘಾಟು ಬಂದರೆ ಕೊಳವೆ ತೂತಾಗಿದೆ. ಒಳಗೆ ಹೈಡ್ರೋಜನ್ನೂ ಇರುವುದರಿಂದ ಅದನ್ನು ಮತ್ತೆ ಉರಿಸಬಾರದು, ವಿಷಕಾರಿಯಾದ ಆ ಪುಡಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಹಳೆಯ ಹೀಟರಿನ ಜ್ವಾಲೆ ನೀಲಿಯ ಬದಲು ಹಳದಿಯಾಗಿದ್ದರೆ, ಸುತ್ತ ಮಸಿ ಹಿಡಿದಿದ್ದರೆ ಕಾರ್ಬನ್ ಮಾನಾಕ್ಸೈಡಿನ ಅಪಾಯವಿದೆ. ಅದರ ಎಚ್ಚರಿಕೆ ಗಂಟೆಯೂ ಗ್ಯಾಸ್ ಸೋರಿಕೆಯ ಗಂಟೆಯೂ ಇಲ್ಲದ ಗಾಡಿಯಲ್ಲಿ ರಾತ್ರಿ ಮಲಗಬಾರದು.

ಲಕ್ಷಣ: ಓಡುವಾಗ ಬಾಲ ಬೀಸುವುದು, ಚಕ್ರ ಬಿಸಿಯಾಗುವುದು

ಟ್ರೇಲರ್ ಎಡಬಲಕ್ಕೆ ತೂಗಾಡಲು ಸಾಮಾನ್ಯ ಕಾರಣ ಹಿಂದೆ ಹೆಚ್ಚು ಭಾರ ತುಂಬಿರುವುದು. ಲಾರಿಗಳನ್ನು ತೂಗುವ ವೇಬ್ರಿಡ್ಜಿನಲ್ಲಿ ತೂಗಿಸಿ, ಒಟ್ಟು ತೂಕದ ಶೇ. 10ರಿಂದ 15ರಷ್ಟು ಮುಂದಿನ ಕೊಂಡಿಯ ಮೇಲೆ ಬೀಳುವಂತೆ ಸಾಮಾನು ಹೊಂದಿಸಬೇಕು. ತೂಗಾಟ ಶುರುವಾದಾಗ ವಾಹನದ ಬ್ರೇಕನ್ನು ಜೋರಾಗಿ ತುಳಿಯದೆ, ಆಕ್ಸಿಲರೇಟರಿನಿಂದ ಕಾಲು ತೆಗೆದು, ಟ್ರೇಲರಿನ ಬ್ರೇಕನ್ನು ಮಾತ್ರ ಚಾಲಕನ ಬಳಿಯ ಕೈನಿಯಂತ್ರಕದಿಂದ ಒತ್ತಬೇಕು.

ಹದಿನೈದಿಪ್ಪತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ ಎಲ್ಲ ಚಕ್ರಗಳ ನಡುಭಾಗದ (ಹಬ್‌ನ) ಬಿಸಿಯನ್ನು ಹೋಲಿಸಿದರೆ ಬಹಳ ತಿಳಿಯುತ್ತದೆ. ಒಂದು ಮಾತ್ರ ಸುಡುತ್ತಿದ್ದರೆ ಬೇರಿಂಗ್ ಒಣಗಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ. ಒಂದು ಮಾತ್ರ ತಣ್ಣಗಿದ್ದರೆ ಅದರ ಬ್ರೇಕ್ ಕೆಲಸ ಮಾಡುತ್ತಿಲ್ಲ. ಟೈರಿನ ಬದಿಯಲ್ಲಿ DOT (ಡಾಟ್) ಎಂಬ ಅಕ್ಷರಗಳಿಂದ ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳು ವಾರ ಮತ್ತು ವರ್ಷವನ್ನು ಹೇಳುತ್ತವೆ: 2319 ಎಂದರೆ 2019ರ 23ನೇ ವಾರ. ಐದಾರು ವರ್ಷ ಮೀರಿದ ಟೈರಿನ ಅಚ್ಚು ಹೊಸದರಂತಿದ್ದರೂ ಬದಲಿಸಬೇಕು.

ಲಕ್ಷಣ: ತಗಡಿನ ಮೇಲೆ ಮಂಕು, ಬಿಳಿ ಪುಡಿ, ಕೂದಲೆಳೆಯಂಥ ಗೆರೆಗಳು

ಸಿಪ್ಪೆಯಂತೆ ಏಳುತ್ತಿರುವುದು ಕಾರ್ಖಾನೆಯಲ್ಲಿ ಬಳಿದ ಪಾರದರ್ಶಕ ಲೇಪ, ತಗಡು ಕೆಟ್ಟಿಲ್ಲ. ತಗಡಿನ ಅಂಚಿನಿಂದ ಅಥವಾ ರಿವೆಟ್ಟಿನಿಂದ ಲೇಪದ ಕೆಳಗೆ ಹರಿದ ಕೂದಲೆಳೆಯಂಥ ಗೆರೆಗಳು ಸವೆತದ ಗುರುತು, ಸಮುದ್ರದ ಉಪ್ಪುಗಾಳಿಯಲ್ಲಿ ನಿಂತ ಗಾಡಿಗಳಲ್ಲಿ ಇವು ಹೆಚ್ಚು. ಉಗುರಿಗೆ ಸಿಗುವಷ್ಟು ಆಳದ ಚುಕ್ಕೆಗಳು ಪಾಲಿಶ್ಶಿಗೆ ಹೋಗುವುದಿಲ್ಲ. ಈ ತಗಡಿನ ಮೇಲ್ಮೈಯಲ್ಲಿ ಶುದ್ಧ ಅಲ್ಯೂಮಿನಿಯಮ್ಮಿನ ತೆಳುಪದರವೊಂದು ಒಳಗಿನ ಮಿಶ್ರಲೋಹವನ್ನು ಕಾಯುತ್ತಿರುತ್ತದೆ; ಚುಕ್ಕೆ ಹೋಗಲೆಂದು ಉಜ್ಜಿದಷ್ಟೂ ಸವೆಯುವುದು ಆ ಪದರವೇ.

ಲೇಪ ತೆಗೆಯಲು ಅಲ್ಯೂಮಿನಿಯಮ್ಮಿಗೆ ಸುರಕ್ಷಿತವೆಂದು ಬರೆದಿರುವ ದ್ರಾವಣವನ್ನೇ ಬಳಸಬೇಕು. ಓವನ್ ತೊಳೆಯುವ ಕ್ಷಾರದ್ರಾವಣ ತಗಡನ್ನೇ ತಿನ್ನುತ್ತದೆ. ಉಕ್ಕಿನ ನಾರಿನಿಂದ ಉಜ್ಜಿದರೆ ಅದರ ಕಣಗಳು ತಗಡಿನಲ್ಲಿ ಕೂತು ತುಕ್ಕಿನ ಚುಕ್ಕೆಗಳಾಗುತ್ತವೆ. ಯಾವ ದ್ರಾವಣವನ್ನಾದರೂ ಮೊದಲು ಬಂಪರಿನ ಹತ್ತಿರದ ಕೆಳಭಾಗದಲ್ಲಿ ಒಂದು ಅಂಗೈಯಗಲ ಹಚ್ಚಿ, ಮರುದಿನ ನೋಡಿ, ನಂತರವೇ ಮೇಲಿನ ತಗಡುಗಳಿಗೆ ಹೋಗಬೇಕು.